ಫೋನ್ ಸ್ವಿಚ್ ಆಫ್ ಆಗಿದ್ದ ರಾತ್ರಿ

ಹೋದ ಮಳೆಗಾಲದಲ್ಲಿ ಎರಡು ದಿನ ಕರೆಂಟಿರಲಿಲ್ಲ. ಎರಡನೇ ರಾತ್ರಿ ನನ್ನ ಫೋನು ಚಾರ್ಜ್ ಮುಗಿದು ಸ್ವಿಚ್ ಆಫ್ ಆಯಿತು. ನಾನೂ ಹಾಗೇ ನಿದ್ದೆ ಹೋದೆ.

ನಾನು ಕಾಸರಗೋಡಿನ ಪೆರ್ಲ ಕಡೆಯ ಪಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ ನಮ್ಮದು. ಕೇರಳ ಸರಕಾರ 2008ರಲ್ಲಿ ಇದಕ್ಕೆಂದೇ ನೀತಿ ತಂದಿತು. ಹಾಸಿಗೆ ಹಿಡಿದವರ ಮನೆಗೆ ನಾವೇ ಹೋಗುತ್ತೇವೆ. ಕ್ಯಾತಿಟರ್ (ಮೂತ್ರದ ಟ್ಯೂಬ್) ಬದಲಿಸುವುದು, ಬೆಡ್‌ಸೋರ್ ಅಂದರೆ ಮಲಗಿ ಮಲಗಿ ಆದ ಹುಣ್ಣಿಗೆ ಡ್ರೆಸ್ಸಿಂಗ್, ನೋವಿನ ಮಾತ್ರೆ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕನ್ನಡ, ರಿಜಿಸ್ಟರ್ ಮಾತ್ರ ಮಲಯಾಳ. ನನ್ನ ನಂಬರ್ ಎಲ್ಲರ ಮನೆ ಗೋಡೆಯಲ್ಲೂ ಇತ್ತು. 'ಎಷ್ಟೊತ್ತಿಗೂ ಫೋನ್ ಮಾಡಿ' ಎಂದು ನಾನೇ ಬರೆದುಕೊಟ್ಟಿದ್ದೆ.

ಬೆಳಿಗ್ಗೆ ಎಲ್ಲಿಂದಲೋ ಚಾರ್ಜ್ ಮಾಡಿಕೊಂಡು ನೋಡಿದರೆ ಮೆಸೇಜ್. ಒಬ್ಬ ಅಜ್ಜಿಗೆ ರಾತ್ರಿ ಟ್ಯೂಬ್ ಬ್ಲಾಕ್ ಆಗಿತ್ತು. ಕೆಸರಲ್ಲಿ ಬಿದ್ದು ಎದ್ದು ಓಡಿದೆ. ಹೋಗುವಾಗ ಅಜ್ಜಿ ಜಗಲಿಯ ಮಂಚದಲ್ಲಿ ಆರಾಮವಾಗಿ ಮಲಗಿದ್ದರು. ಸೊಸೆ ಆಶಾ ಕಾರ್ಯಕರ್ತೆಯನ್ನು ಎಬ್ಬಿಸಿದ್ದಾಳೆ, ಪಕ್ಕದ ಮನೆಯವರು ಜೀಪಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಟ್ಯೂಬ್ ಬದಲಿಸಿ ಆಗಿದೆ. "ಚಾ ಕುಡಿದಿರಾ ಸಿಸ್ಟರೇ?" ಎಂದರು ಅಜ್ಜಿ.

ನಿಜ ಹೇಳುತ್ತೇನೆ, ಸಮಾಧಾನಕ್ಕಿಂತ ಮೊದಲು ಬಂದದ್ದು ಬೇಜಾರು. ನಾನಿಲ್ಲದೆಯೂ ಆಯಿತಲ್ಲ!

ದಿನಾ ರಾತ್ರಿ ಜಪಸರ ಮುಗಿಸಿ ರೋಗಿಗಳ ಹೆಸರು ಒಂದೊಂದಾಗಿ ದೇವರಿಗೆ ಒಪ್ಪಿಸುವ ಹೆಂಗಸು ನಾನು. ಒಪ್ಪಿಸಿದ ಮೇಲೆ ಫೋನನ್ನು ತಲೆದಿಂಬಿನ ಅಡಿಗೆ ಇಟ್ಟುಕೊಂಡು ಎಚ್ಚರವಾಗಿಯೇ ಇರುತ್ತಿದ್ದೆ. ಅದೆಂಥ ಒಪ್ಪಿಸುವುದು, ಅಲ್ವಾ? 'ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ' ಎಂದು ಬೈಬಲಿನ 121ನೇ ಕೀರ್ತನೆ ಬಾಯಿಪಾಠ ಬೇರೆ.

ಅದೇ ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ, ಇಸ್ರಾಯೇಲರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಾನೆ. ನೋಡಲು ಬಂದ ಮಾವ, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಎನ್ನುತ್ತಾನೆ. ಜನರನ್ನು ಸಮುದ್ರ ದಾಟಿಸಿದ ಮೋಶೆಗೂ ಈ ಬುದ್ಧಿ ಮಾವನೇ ಹೇಳಬೇಕಾಯಿತು. ಇನ್ನು ನಾನೆಷ್ಟರವಳು!

ಈಗ ಮನೆಯವರಿಗೇ ಡ್ರೆಸ್ಸಿಂಗ್ ಕಲಿಸುತ್ತೇನೆ. ಗೋಡೆಯ ಚೀಟಿಯಲ್ಲಿ ಆಶಾ ಕಾರ್ಯಕರ್ತೆಯ ನಂಬರು, ಜೀಪಿನವರ ನಂಬರು, ಆಮೇಲೆ ನನ್ನದು. ಶುರುವಿನಲ್ಲಿ ಒಂದಿಬ್ಬರು 'ಸಿಸ್ಟರಿಗೆ ಉದಾಸೀನ ಬಂತು' ಅಂದರು. ಅನ್ನಲಿ.

ಆದರೆ ಯಾರಿಗೂ ಹಂಚಿಕೊಡಲಾಗದ್ದೂ ಇದೆ. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸಿದ ಊರುಗಳಿವು. ಅಂದು ಹಾಸಿಗೆಯಲ್ಲಿದ್ದ ಮಕ್ಕಳು ಈಗ ದೊಡ್ಡವರು. ಎತ್ತಿ ಕೂರಿಸುವ ಅಮ್ಮಂದಿರಿಗೆ ವಯಸ್ಸಾಗಿದೆ. ಮೊನ್ನೆ ಒಬ್ಬ ಅಮ್ಮ ಕೇಳಿದರು, "ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ ಸಿಸ್ಟರೇ?"

ಮೊದಲಾದರೆ ಏನಾದರೂ ಹೇಳಿಬಿಡುತ್ತಿದ್ದೆ. ಬೈಬಲಿನಲ್ಲಿ, ಮೈಗೆ ಚುಚ್ಚಿದ ಮುಳ್ಳು ತೆಗೆ ಎಂದು ಅಪೊಸ್ತಲ ಪೌಲನು ದೇವರನ್ನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಇಗರ್ಜಿಯಲ್ಲಿ ಕೂತು ಕೇಳಲು ಚೆಂದದ ಮಾತು. ಆ ಅಮ್ಮನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮಟ್ಟಿಗೆ ಇಟ್ಟುಕೊಂಡೆ.

"ಗೊತ್ತಿಲ್ಲ ಅಕ್ಕಾ" ಎಂದೆ.

ಅವರು ಹೂಂ ಎಂದರು. ಆಮೇಲೆ ಇಬ್ಬರೂ ಸೇರಿ ಮಗನನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದೆವು.