ಕಾರ್ಡೋಬಾಕ್ಕೆ ಅರ್ಧ ದಿನ ಸಾಲದು

ಸ್ಪೇನ್ ಪ್ರವಾಸಕ್ಕೆ ಹೊರಡುವ ನಮ್ಮ ಕಡೆಯ ಬಹುತೇಕರು ಕಾರ್ಡೋಬಾ ನಗರಕ್ಕೆ ಮೂರು ನಾಲ್ಕು ಗಂಟೆಗಳನ್ನಷ್ಟೇ ಎತ್ತಿಡುತ್ತಾರೆ. ಬೆಳಿಗ್ಗೆ ಮ್ಯಾಡ್ರಿಡ್‌ನಲ್ಲಿ ರೈಲು ಹತ್ತಿ, ನಡುವೆ ಇಲ್ಲಿ ಇಳಿದು ಮೆಸ್ಕೀತಾ ಎಂದು ಕರೆಯುವ ಹಳೆಯ ಮಸೀದಿಯನ್ನು ನೋಡಿ, ಸಂಜೆಯೊಳಗೆ ಸೆವಿಲ್ ಸೇರುವುದು ರೂಢಿಯ ಕ್ರಮ. 2024ರ ಅಕ್ಟೋಬರ್ ಮಧ್ಯದಲ್ಲಿ ನಾನು ಮತ್ತು ನಮ್ಮ ಯಜಮಾನರು ಅಲ್ಲಿ ಎರಡು ರಾತ್ರಿ ಉಳಿಯುವ ಲೆಕ್ಕ ಹಾಕಿಕೊಂಡು ಹೋಗಿ, ನನ್ನದೇ ಒಂದು ತಪ್ಪಿನಿಂದಾಗಿ ಮೂರು ರಾತ್ರಿ ಉಳಿದೆವು. ಆ ತಪ್ಪು ಆಗದಿದ್ದರೆ ಊರಿನ ಅರ್ಧದಷ್ಟು ನಮಗೆ ಕಾಣುತ್ತಲೇ ಇರಲಿಲ್ಲ. ಈ ಊರಿಗೆ ತನ್ನದೇ ಆದ ಒಂದು ಗಡಿಯಾರವಿದೆ, ಅದಕ್ಕೆ ಹೊಂದಿಕೊಂಡವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ ಎಂಬುದು ನನಗೆ ಮನವರಿಕೆಯಾಗಿರುವುದರಿಂದ, ಹೋಗಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೀಸಾ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಸ್ಪೇನ್‌ಗೆ ಬೇಕಾಗುವುದು ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ; ನಾವು ಅರ್ಜಿ ಹಾಕಿದಾಗ ಅದರ ಶುಲ್ಕ 90 ಯೂರೊ ಆಗಿತ್ತು, ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆಯ ಮೊತ್ತ ಕನಿಷ್ಠ 30,000 ಯೂರೊ ಇರಲೇಬೇಕು. ಪ್ರಯಾಣದ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ, ಕೊನೆಯ ಗಳಿಗೆಯಲ್ಲಿ ಬೆಂಗಳೂರಿನ ಕೇಂದ್ರಕ್ಕೆ ಓಡಾಡುವ ಕಷ್ಟವನ್ನು ಯಾರೂ ತಂದುಕೊಳ್ಳಬೇಕಾಗಿಲ್ಲ.

ಯಾವ ತಿಂಗಳಲ್ಲಿ ಹೋಗಬೇಕೆಂಬುದು ಅದಕ್ಕಿಂತ ಮುಖ್ಯ. ಕಾರ್ಡೋಬಾ ಗ್ವಾದಲ್ಕಿವೀರ್ ನದಿಯ ಕಣಿವೆಯಲ್ಲಿ, ಸಮುದ್ರದಿಂದ ದೂರದಲ್ಲಿರುವ ಊರು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಕಲಬುರಗಿಯ ಮೇ ತಿಂಗಳನ್ನು ಬಲ್ಲವರು ಅದೇ ಬಿಸಿಲನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಸರಿಯಾದ ಕಾಲ. ಮೇ ತಿಂಗಳ ಮೊದಲ ಭಾಗದಲ್ಲಿ ಮನೆಗಳ ಒಳಾಂಗಣಗಳನ್ನು ಹೂವಿನ ಕುಂಡಗಳಿಂದ ಸಿಂಗರಿಸಿ ಎಲ್ಲರಿಗೂ ತೆರೆದಿಡುವ ಸ್ಪರ್ಧೆ ನಡೆಯುತ್ತದೆ. 1921ರಲ್ಲಿ ಆರಂಭವಾದ ಈ ಸ್ಪರ್ಧೆಯ ಹಬ್ಬವನ್ನು ಯುನೆಸ್ಕೊ 2012ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಆ ದಿನಗಳಲ್ಲಿ ಕೊಠಡಿಗಳ ಬಾಡಿಗೆ ಏರುತ್ತದೆ ಮತ್ತು ಜನಜಂಗುಳಿ ಇರುತ್ತದೆ. ನಾವು ಅಕ್ಟೋಬರ್ ಆರಿಸಿಕೊಂಡದ್ದಕ್ಕೆ ಮರುಗಲಿಲ್ಲ. ಒಂದು ಸಂಜೆ ಬಂದ ಮಳೆಗೆ ಕೊಡೆ ಒಯ್ದಿರಲಿಲ್ಲ ಎಂಬುದಷ್ಟೇ ಕೊರತೆ.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಕಾರ್ಡೋಬಾಕ್ಕೆ ವೇಗದ ರೈಲಿನಲ್ಲಿ ಸುಮಾರು 1 ಗಂಟೆ 45 ನಿಮಿಷಗಳ ಪ್ರಯಾಣ. 1992ರಲ್ಲಿ ಸ್ಪೇನ್ ಹಾಕಿದ ಮೊದಲ ಅತಿವೇಗದ ಮಾರ್ಗ ಇದೇ. ಈಗ ಇದರ ಮೇಲೆ ಒಂದಕ್ಕಿಂತ ಹೆಚ್ಚು ಕಂಪನಿಗಳ ರೈಲುಗಳು ಓಡುವುದರಿಂದ ಮುಂಚಿತವಾಗಿ ಕೊಂಡರೆ ಟಿಕೆಟ್ ಬಹಳ ಅಗ್ಗವಾಗಿ ಸಿಗುತ್ತದೆ. ವಿಮಾನ ನಿಲ್ದಾಣದಲ್ಲಿರುವಂತೆ ಇಲ್ಲಿಯೂ ಸಾಮಾನುಗಳನ್ನು ಯಂತ್ರದಲ್ಲಿ ಹಾಯಿಸುತ್ತಾರೆ ಮತ್ತು ರೈಲು ಹೊರಡುವ ಕೆಲವು ನಿಮಿಷ ಮೊದಲೇ ದ್ವಾರ ಮುಚ್ಚುತ್ತಾರೆ. ನಮ್ಮಲ್ಲಿನಂತೆ ಓಡಿಹೋಗಿ ಹತ್ತುವ ಧೈರ್ಯ ಬೇಡ. ಕಾರ್ಡೋಬಾ ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು, ಅರ್ಧ ಗಂಟೆಯೂ ಆಗುವುದಿಲ್ಲ. ಆದರೆ ಹುದೇರಿಯಾ ಎಂಬ ಹಳೆಯ ಯಹೂದಿ ಕೇರಿಯ ಓಣಿಗಳಿಗೆ ದುಂಡುಗಲ್ಲು ಹಾಸಿರುವುದರಿಂದ ಚಕ್ರದ ಪೆಟ್ಟಿಗೆಯನ್ನು ಎಳೆಯುವುದು ದೊಡ್ಡ ಶಿಕ್ಷೆ. ನಮ್ಮ ವಸತಿ ಅಲ್ಲಿಯೇ ಇದ್ದುದರಿಂದ ಟ್ಯಾಕ್ಸಿಯವನು ಒಂದು ಮೂಲೆಯಲ್ಲಿ ಇಳಿಸಿ ಕೈ ತೋರಿಸಿದ. ಉಳಿದ ಇನ್ನೂರು ಹೆಜ್ಜೆಗಳನ್ನು ನಮ್ಮವರು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಒಂದು ಮಾತೂ ಆಡದೆ ನಡೆದರು. ಸಾಮಾನು ಕಡಿಮೆ ಇರಲಿ, ಅಡಿ ದಪ್ಪವಿರುವ ಬೂಟು ಕಾಲಿಗಿರಲಿ.

ಈಗ ನನ್ನ ತಪ್ಪಿನ ವಿಷಯ. ನಾವು ತಲುಪಿದ್ದು ಭಾನುವಾರ ಸಂಜೆ. ಸೋಮವಾರ ಪೂರ್ತಿ ಊರು ನೋಡಿ ಮಂಗಳವಾರ ಬೆಳಿಗ್ಗೆ ಸೆವಿಲ್‌ಗೆ ಹೊರಡುವುದೆಂದು ನಾನು ಟಿಕೆಟ್ ಕೊಂಡಿಟ್ಟಿದ್ದೆ. ಸ್ಪೇನ್‌ನಲ್ಲಿ ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೂ ಸ್ಮಾರಕಗಳಿಗೂ ಸೋಮವಾರ ರಜೆ ಎಂಬುದು ನನಗೆ ಹೊಳೆದದ್ದು ಅಲ್ಕಾಸರ್ ಅರಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತಾಗ. ಹಳೆಯ ಸಿನಗಾಗ್ ಎಂಬ ಯಹೂದಿಗಳ ಪ್ರಾರ್ಥನಾ ಮಂದಿರ, ಒಳಾಂಗಣಗಳಿಗೆ ಹೆಸರಾದ ವಿಯಾನಾ ಅರಮನೆ, ಊರ ಹೊರಗಿನ ಹಾಳು ನಗರ ಮದೀನಾ ಅಸಾಹರಾ, ಎಲ್ಲದಕ್ಕೂ ಅಂದು ಬೀಗ. ಅಗ್ಗದ ಟಿಕೆಟ್ ಆದ್ದರಿಂದ ಹಣ ಮರಳುವಂತಿರಲಿಲ್ಲ. ಆ ನಷ್ಟವನ್ನು ನುಂಗಿಕೊಂಡು ಬುಧವಾರ ಮಧ್ಯಾಹ್ನದವರೆಗೆ ಉಳಿಯುವ ತೀರ್ಮಾನ ಮಾಡಿದೆವು. ಎರಡೇ ರಾತ್ರಿ ಇರುವವರು ಸೋಮವಾರವನ್ನು ತಪ್ಪಿಸಿ ದಿನಗಳನ್ನು ಜೋಡಿಸಿಕೊಳ್ಳಬೇಕು.

ಆದರೆ ಮೆಸ್ಕೀತಾ ಸೋಮವಾರವೂ ತೆರೆದಿರುತ್ತದೆ. ಅಷ್ಟೇ ಅಲ್ಲ, ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ ಅಲ್ಲಿಗೆ ಉಚಿತ ಪ್ರವೇಶವಿತ್ತು; ಆ ಹೊತ್ತಿನಲ್ಲಿ ಗುಂಪುಗಳನ್ನು ಬಿಡುವುದಿಲ್ಲ, ಮಾತು ಮೆಲ್ಲಗಿರಬೇಕು. ಉಳಿದ ಹೊತ್ತಿನಲ್ಲಿ ನಾವು ಕೊಟ್ಟ ಶುಲ್ಕ ತಲೆಗೆ 13 ಯೂರೊ. ಉಳಿತಾಯಕ್ಕಾಗಿ ಅಲ್ಲ, ಆ ಹೊತ್ತಿಗಾಗಿಯೇ ಬೆಳಿಗ್ಗೆ ಹೋಗಿ ಎನ್ನುತ್ತೇನೆ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಬೆಳಿಗ್ಗೆ ಎಂಟೂವರೆಗೆ ಆಗಷ್ಟೇ ಸೂರ್ಯ ಮೂಡುತ್ತಿರುತ್ತಾನೆ. ಕಿತ್ತಳೆ ಮರಗಳ ಅಂಗಳ ದಾಟಿ ಒಳಗೆ ಕಾಲಿಟ್ಟಾಗ ನಸುಗತ್ತಲಲ್ಲಿ ಕಂಬಗಳ ಸಾಲು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ಗೊತ್ತಾಗಲಿಲ್ಲ. ಒಳಗೆ ಹೆಚ್ಚೆಂದರೆ ನಲವತ್ತು ಜನರಿದ್ದಿರಬಹುದು. ಮೂರು ಗಂಟೆಯ ಪ್ರವಾಸಿಗೆ ಈ ನೋಟ ದಕ್ಕುವುದಿಲ್ಲ. ಗಂಡಸರು ಒಳಗೆ ಟೋಪಿ ಹಾಕಿರುವಂತಿಲ್ಲ. ನಮ್ಮವರ ಉಣ್ಣೆ ಟೋಪಿಯನ್ನು ಕಂಡ ಕಾವಲುಗಾರ ತನ್ನ ತಲೆಯನ್ನು ಮುಟ್ಟಿ ತೋರಿಸಿದ, ಅಷ್ಟರಲ್ಲೇ ವಿಷಯ ಮುಗಿಯಿತು.

ಈ ಕಟ್ಟಡವನ್ನು ನೋಡುವ ಮೊದಲು ಅದರ ಬೆಳವಣಿಗೆಯ ಕ್ರಮವನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು. ಇಲ್ಲವಾದರೆ ಎಲ್ಲ ಕಂಬಗಳೂ ಒಂದೇ ಎನ್ನಿಸಿ ಹದಿನೈದು ನಿಮಿಷಕ್ಕೆ ಬೇಸರವಾಗುತ್ತದೆ. 785ರ ಸುಮಾರಿಗೆ ಇಲ್ಲಿ ಆಳುತ್ತಿದ್ದ ಮುಸ್ಲಿಂ ದೊರೆ ಮೊದಲನೆಯ ಅಬ್ದುರ್ ರಹಮಾನ್ ಕಟ್ಟಿಸಲಾರಂಭಿಸಿದ ಭಾಗದಲ್ಲಿ ಹಳೆಯ ರೋಮನ್ ಮತ್ತು ವಿಸಿಗಾತ್ (ರೋಮನ್ನರ ನಂತರ ಇಲ್ಲಿ ಆಳಿದ ಜನ) ಕಟ್ಟಡಗಳಿಂದ ತಂದ ಕಂಬಗಳನ್ನೇ ನಿಲ್ಲಿಸಿದ್ದಾರೆ. ಆದ್ದರಿಂದ ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಒಂದರ ಬೋದಿಗೆ ಇನ್ನೊಂದರಂತಿಲ್ಲ. ಆ ಕಂಬಗಳು ಗಿಡ್ಡವಾಗಿದ್ದುದರಿಂದ ಚಾವಣಿಯನ್ನು ಎತ್ತರಿಸಲು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟುವ ಉಪಾಯ ಹೂಡಿದರು. ನಾವು ಚಿತ್ರಗಳಲ್ಲಿ ಕಾಣುವ ಕೆಂಪು ಬಿಳಿ ಪಟ್ಟೆಗಳ ಜೋಡಿ ಕಮಾನುಗಳು ಹುಟ್ಟಿದ್ದು ಹೀಗೆ. ಮುಂದೆ ಎರಡು ಸಲ ದಕ್ಷಿಣಕ್ಕೆ ಬೆಳೆದ ಮಸೀದಿಗೆ ನದಿ ಅಡ್ಡಬಂದುದರಿಂದ, ಹತ್ತನೆಯ ಶತಮಾನದ ಕೊನೆಯಲ್ಲಿ ಮಂತ್ರಿ ಅಲ್ ಮನ್ಸೂರ್ ಅದನ್ನು ಪೂರ್ವಕ್ಕೆ ವಿಸ್ತರಿಸಿದ. ಆ ಭಾಗದ ಕಮಾನುಗಳನ್ನು ಹತ್ತಿರದಿಂದ ನೋಡಿ: ಹಳೆಯ ಭಾಗದಲ್ಲಿ ಇಟ್ಟಿಗೆ ಮತ್ತು ಕಲ್ಲನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿದ್ದರೆ, ಇಲ್ಲಿ ಕಲ್ಲಿನ ಮೇಲೆ ಕೆಂಪು ಬಣ್ಣ ಬಳಿದಿದ್ದಾರೆ. ಪೂರ್ವಕ್ಕೆ ಬೆಳೆದ ಕಾರಣ ಮಿಹ್ರಾಬ್, ಎಂದರೆ ಪ್ರಾರ್ಥನೆಯ ದಿಕ್ಕನ್ನು ತೋರುವ ಗೋಡೆಯ ಗೂಡು, ಕಟ್ಟಡದ ನಡುವೆ ಉಳಿಯದೆ ಒಂದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಅದರ ಸುತ್ತಲಿನ ಚಿನ್ನದ ಬಣ್ಣದ ಗಾಜಿನ ಹರಳುಗಳ ಕೆಲಸ ದೊರೆ ಎರಡನೆಯ ಅಲ್ ಹಕಮನ ಕಾಲದ್ದು.

1236ರಲ್ಲಿ ನಗರ ಕ್ರೈಸ್ತ ದೊರೆ ಮೂರನೆಯ ಫರ್ಡಿನಾಂಡನ ವಶವಾಯಿತು, ಮಸೀದಿ ಚರ್ಚ್ ಆಯಿತು. 1523ರಲ್ಲಿ ನಟ್ಟನಡುವೆ ಕಂಬಗಳನ್ನು ಕೆಡವಿ ಎತ್ತರದ ಕೆಥೆಡ್ರಲ್ ಕಟ್ಟಲು ತೊಡಗಿದರು. ತಗ್ಗಿನ ಕಮಾನುಗಳ ಕೆಳಗೆ ನಡೆಯುತ್ತಾ ಇದ್ದಕ್ಕಿದ್ದಂತೆ ಬೆಳ್ಳನೆಯ ಗುಮ್ಮಟದ ಕೆಳಗೆ ಬಂದಾಗ ನನಗೆ ಸಿಟ್ಟೇ ಬಂದಿತು. ನಮ್ಮವರ ವಾದ ಬೇರೆ: ಅದನ್ನು ಕಟ್ಟಿದ್ದರಿಂದಲೇ ಉಳಿದದ್ದನ್ನು ಯಾರೂ ಕೆಡವದೆ ಬಿಟ್ಟಿರಬೇಕು ಎಂದರು. ಈ ಚರ್ಚೆ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಅದೇ ದಿನ ಸಂಜೆ ಟಿಕೆಟ್ ಕೊಂಡು ಮತ್ತೊಮ್ಮೆ ಹೋದೆವು. ಬೆಳಿಗ್ಗೆಯ ಒಂದು ಗಂಟೆಯಲ್ಲಿ ಕಣ್ಣು ತುಂಬುತ್ತದೆ, ಆದರೆ ಒಂದೊಂದನ್ನೂ ಬಿಡಿಸಿ ನೋಡಲು ಆ ಹೊತ್ತು ಸಾಲದು. ಗಂಟೆಗೋಪುರಕ್ಕೆ ಬೇರೆ ಟಿಕೆಟ್, ನಿಗದಿತ ಹೊತ್ತು, ಸೀಮಿತ ಜನ. 54 ಮೀಟರ್ ಎತ್ತರದ ಆ ಗೋಪುರದೊಳಗೆ ಹಳೆಯ ಮಿನಾರಿನ ಭಾಗ ಅಡಗಿದೆ. ಮಂಡಿನೋವಿನವರು ಕೆಳಗೇ ಕುಳಿತು ಕಾಯಬಹುದು. ನಾನು ಹಾಗೇ ಮಾಡಿದೆ.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚುತ್ತವೆ, ಬೀದಿಗಳು ಬರಿದಾಗುತ್ತವೆ. ಊಟದ ಹೊತ್ತೂ ನಮ್ಮದಲ್ಲ: ಮಧ್ಯಾಹ್ನದ್ದು ಒಂದೂವರೆಯ ನಂತರ, ರಾತ್ರಿಯದು ಎಂಟೂವರೆಯ ಮೇಲೆ. ಏಳು ಗಂಟೆಗೆ ಹೋಟೆಲಿಗೆ ಹೋದರೆ ಅಡುಗೆಮನೆ ತೆರೆದಿರುವುದಿಲ್ಲ. ಮೊದಲ ದಿನ ಚಟ್ನಿಪುಡಿ ಮತ್ತು ಅವಲಕ್ಕಿ ನಮ್ಮ ಮಾನ ಕಾಪಾಡಿದವು. ಎರಡನೆಯ ದಿನದಿಂದ ಊರಿನವರಂತೆ ಮಧ್ಯಾಹ್ನ ಮಲಗಿ, ಐದಕ್ಕೆ ಎದ್ದು ಕಾಫಿ ಕುಡಿದು ಹೊರಬಿದ್ದೆವು. ಕಾಲುನೋವೂ ಕಡಿಮೆಯಾಯಿತು, ನೋಡಿದ್ದೂ ಹೆಚ್ಚಾಯಿತು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಎಚ್ಚರ ತಪ್ಪುವಂತಿಲ್ಲ. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ರುಬ್ಬಿದ ತಣ್ಣನೆಯ ಸಾಲ್ಮೊರೆಹೊ ಈ ಊರಿನ ಹೆಮ್ಮೆ. ಅದರ ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರುಗಳನ್ನು ಉದುರಿಸುವುದು ವಾಡಿಕೆಯಾದ್ದರಿಂದ ‘ಸಿನ್ ಹಮೋನ್, ಸಿನ್ ವೇವೊ’ ಎಂದು ಮೊದಲೇ ಹೇಳಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅವರ ಲೆಕ್ಕದಲ್ಲಿ ಮೀನು ಬರಬಹುದು. ನಮ್ಮ ಸಲಾಡಿನಲ್ಲಿ ಒಮ್ಮೆ ಬಂದೇಬಿಟ್ಟಿತು. ನಮಗೆ ಅತ್ಯಂತ ಹಿಡಿಸಿದ್ದು ಬೆರೆಂಹೇನಾಸ್ ಕೊನ್ ಮಿಯೆಲ್. ಬದನೆಕಾಯಿಯನ್ನು ತೆಳ್ಳಗೆ ಸೀಳಿ ಹಿಟ್ಟಿನಲ್ಲಿ ಹೊರಳಿಸಿ ಕರಿದು ಮೇಲೆ ಕಬ್ಬಿನ ಪಾಕ ಸುರಿಯುತ್ತಾರೆ. ಹೆಸರಿನಲ್ಲಿ ಜೇನು ಎಂದಿದ್ದರೂ ಬಾಯಿಗಿಟ್ಟಾಗ ಅದು ಸಾಕ್ಷಾತ್ ನಮ್ಮ ಜೋನಿಬೆಲ್ಲ! ಬದನೆಕಾಯಿ ಬಜ್ಜಿಗೆ ಜೋನಿಬೆಲ್ಲ ಸುರಿದುಕೊಳ್ಳುವ ಬುದ್ಧಿ ಮಂಡ್ಯದವರಿಗೆ ಯಾಕೆ ಬರಲಿಲ್ಲವೋ ಎಂದು ನಮ್ಮವರು ಎರಡು ಸಲ ಕೇಳಿದರು.

ಮಂಗಳವಾರ ಬೆಳಿಗ್ಗೆ ಮದೀನಾ ಅಸಾಹರಾಕ್ಕೆ ಹೋದೆವು. ಊರಿನಿಂದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಮೂರನೆಯ ಅಬ್ದುರ್ ರಹಮಾನ್ 936ರ ಸುಮಾರಿಗೆ ಬೆಟ್ಟದ ಇಳಿಜಾರಿನಲ್ಲಿ ಕಟ್ಟಿಸಲಾರಂಭಿಸಿದ ರಾಜಧಾನಿ ಇದು. ನೂರು ವರ್ಷವೂ ತುಂಬುವ ಮೊದಲೇ, 1010ರ ಸುಮಾರಿನ ಒಳಜಗಳದಲ್ಲಿ ಹಾಳಾಯಿತು. ಅದರ ಕಲ್ಲುಗಳನ್ನು ಮುಂದಿನವರು ಬೇರೆ ಬೇರೆ ಕಟ್ಟಡಗಳಿಗೆ ಹೊತ್ತೊಯ್ದರು. ಉತ್ಖನನ 1911ರಲ್ಲಿ ಶುರುವಾದರೂ ಇಂದಿಗೂ ನಗರದ ಹತ್ತರಲ್ಲೊಂದು ಪಾಲಷ್ಟೇ ಮೇಲೆ ಬಂದಿದೆ. ಹಂಪಿಯ ರಾಜಾಂಗಣದಲ್ಲಿ ಬರೀ ಅಡಿಪಾಯಗಳನ್ನು ನೋಡುತ್ತಾ ಅರಮನೆಯನ್ನು ಊಹಿಸಿಕೊಂಡು ಅಡ್ಡಾಡಿದವರಿಗೆ ಈ ಜಾಗ ಬಹಳ ಹಿಡಿಸುತ್ತದೆ. ಕಟ್ಟಡ ಕಣ್ಣ ಮುಂದೆ ನಿಂತಿರಲೇಬೇಕು ಎನ್ನುವವರು ಬಿಡಬಹುದು. ನಗರದಿಂದ ಪ್ರವಾಸಿ ಬಸ್ಸು ಬೆಳಿಗ್ಗೆ ಹೊರಡುತ್ತದೆ, ಅದರ ಟಿಕೆಟ್ಟನ್ನು ಹಿಂದಿನ ದಿನವೇ ಕೊಂಡಿಡಿ. ಅದು ಇಳಿಸುವುದು ಕೆಳಗಿನ ವಸ್ತುಸಂಗ್ರಹಾಲಯದ ಬಳಿ. ಅಲ್ಲಿಂದ ಅವಶೇಷಗಳಿಗೆ ಇನ್ನೊಂದು ಸಣ್ಣ ಬಸ್ಸು, ಅದಕ್ಕೆ ಬೇರೆ ಟಿಕೆಟ್. ಮೇಲೆ ನೆರಳಿಲ್ಲ; ನೀರು ಒಯ್ಯಿರಿ.

ಸಂಜೆ ನೋಡಿದ ಅಲ್ಕಾಸರ್ 1328ರಲ್ಲಿ ಹನ್ನೊಂದನೆಯ ಅಲ್ಫೋನ್ಸೊ ಕಟ್ಟಿಸಲಾರಂಭಿಸಿದ ಕೋಟೆಯರಮನೆ. 1486ರಲ್ಲಿ ಕೊಲಂಬಸ್ ತನ್ನ ಯಾನದ ಯೋಜನೆ ಹೊತ್ತು ಇಸಬೆಲ್ಲಾ, ಫರ್ಡಿನಾಂಡ್ ರಾಜದಂಪತಿಯನ್ನು ಕಂಡದ್ದು ಇಲ್ಲಿಯೇ. ಒಳಗಿನ ಕೋಣೆಗಳಿಗಿಂತ ಹೊರಗಿನ ತೋಟ ಮೇಲು. 1315ರ ಸಿನಗಾಗ್ ಒಂದು ಸಣ್ಣ ಕೋಣೆಯಷ್ಟಿದೆ, ಹತ್ತು ನಿಮಿಷ ಸಾಕು. ಗೋಡೆಯ ಗಾರೆ ಕೆತ್ತನೆಯಲ್ಲಿನ ಹೀಬ್ರೂ ಅಕ್ಷರಗಳನ್ನು ನೋಡಲು ಮರೆಯಬೇಡಿ. ಹತ್ತಿರದಲ್ಲೇ ಇದೇ ಊರಿನಲ್ಲಿ ಹುಟ್ಟಿದ ತತ್ವಜ್ಞಾನಿ ಮೈಮೊನಿಡಿಸ್‌ನ ಪ್ರತಿಮೆಯಿದೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಅವನ ಪಾದರಕ್ಷೆ ಹೊಳೆಯುತ್ತಿದೆ. ಕತ್ತಲಾಗುವ ಹೊತ್ತಿಗೆ ರೋಮನ್ ಸೇತುವೆಯ ಆಚೆ ದಡಕ್ಕೆ ಹೋಗಿ ಹಿಂದಿರುಗಿ ನೋಡಬೇಕು. ಚಿತ್ರ ತೆಗೆಯುವವರಿಗೆ ಅದೇ ಜಾಗ.

ಬುಧವಾರ ಬೆಳಿಗ್ಗೆ ಪೆಟ್ಟಿಗೆಗಳನ್ನು ವಸತಿಯಲ್ಲೇ ಬಿಟ್ಟು ಮೆಸ್ಕೀತಾದ ಉಚಿತ ಗಂಟೆಗೆ ಮತ್ತೊಮ್ಮೆ ಹೋದೆವು. ಒಂಬತ್ತು ಇಪ್ಪತ್ತರ ಹೊತ್ತಿಗೆ ಸಿಬ್ಬಂದಿ ಎಲ್ಲರನ್ನೂ ಬಾಗಿಲ ಕಡೆಗೆ ಕಳುಹಿಸತೊಡಗುತ್ತಾರೆ, ಆದ್ದರಿಂದ ನೋಡಬೇಕಾದ ಮೂಲೆಗೆ ಮೊದಲೇ ಹೋಗಿ. ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ನಡೆದರೆ ವಿಯಾನಾ ಅರಮನೆ. ಅದರ ಹನ್ನೆರಡು ಒಳಾಂಗಣಗಳು ಮೇ ತಿಂಗಳ ಹಬ್ಬ ತಪ್ಪಿದವರಿಗೂ ಸಿಗುತ್ತವೆ. ನಮ್ಮ ತೊಟ್ಟಿಮನೆಗಳಲ್ಲಿ ಬೆಳೆದವರಿಗೆ ಬಯಲಿಗೆ ತೆರೆದ ಆ ನಡುಮನೆಯ ತಂಪು ಹೊಸದಲ್ಲ. ಗೋಡೆಯ ತುಂಬ ನೇತುಹಾಕಿದ ಕುಂಡಗಳಿಗೆ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಡಬ್ಬಿಯಿಂದ ನೀರುಣಿಸುವುದು ಮಾತ್ರ ನನಗೆ ಹೊಸತು. ಅರಮನೆಯ ಕೋಣೆಗಳನ್ನು ಬಿಟ್ಟು ಒಳಾಂಗಣಗಳಿಗಷ್ಟೇ ಟಿಕೆಟ್ ಕೊಳ್ಳಬಹುದು, ಅದು ಸಾಕು. ಸೆವಿಲ್‌ಗೆ ಇಲ್ಲಿಂದ ಮುಕ್ಕಾಲು ಗಂಟೆಯ ಪ್ರಯಾಣವಷ್ಟೇ. ಊಟ ಮುಗಿಸಿಕೊಂಡು ಮೂರರ ನಂತರದ ರೈಲು ಹಿಡಿದರೆ ಆ ಊರಿನವರು ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತಿಗೆ ನೀವೂ ಅಲ್ಲಿರುತ್ತೀರಿ.