ರೇಕಿ ಮಾಡಿಸಿದರೆ ಗುಣ ಆಗ್ತದಾ?

ಗೋಕರ್ಣದ ಕುಡ್ಲೆ, ಓಂ ಬೀಚಿನ ಕಡೆ ಹೋದವರಿಗೆ ಯೋಗ, ಮಸಾಜಿನ ಬೋರ್ಡುಗಳ ನಡುವೆ ರೇಕಿಯ ಬೋರ್ಡೂ ಕಾಣುತ್ತದೆ. ಮೈಮೇಲೆ ಅಂಗೈ ಇಟ್ಟು ಶಕ್ತಿ ಹರಿಸುತ್ತೇವೆ ಎನ್ನುವ ಜಪಾನಿನ ಪದ್ಧತಿ ಅದು. ಶಿರಸಿ, ಕಾರವಾರದಲ್ಲಿ ಮನೆಯಲ್ಲೇ ಮಾಡುವವರಿದ್ದಾರೆ. ವಿಷಯ ಬಂದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ: "ರೇಕಿ ಮಾಡಿಸಿದರೆ ಗುಣ ಆಗ್ತದಾ?"

ಕಾಯಿಲೆ ಗುಣ ಆಗುವುದಿಲ್ಲ. ಮೈಮನಸ್ಸಿಗೆ ವಿಶ್ರಾಂತಿ ಸಿಗುತ್ತದೆ, ಮತ್ತು ಆ ವಿಶ್ರಾಂತಿ ಸುಳ್ಳಲ್ಲ. ಈ ಎರಡರಲ್ಲಿ ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟಾಗಲೇ ಜನರಿಗೆ ತೊಂದರೆಯಾಗುವುದು.

ರೇಕಿ ಸಾವಿರಾರು ವರ್ಷ ಹಳೆಯದು ಎಂಬ ಮಾತು ಸರಿಯಲ್ಲ. ಅದಕ್ಕೆ ನೂರು ವರ್ಷ ಚಿಲ್ಲರೆ ವಯಸ್ಸು. ಮಿಕಾವೊ ಉಸುಯಿ (1865–1926) ಎಂಬವರು ಕ್ಯೋಟೋ ಹತ್ತಿರದ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಧ್ಯಾನ ಮಾಡಿದರು, 1922ರಲ್ಲಿ ಈ ಪದ್ಧತಿ ಶುರುವಾಯಿತು ಎಂದು ಪರಂಪರೆ ಹೇಳುತ್ತದೆ. ಅವರ ಶಿಷ್ಯ, ನೌಕಾಪಡೆಯಲ್ಲಿದ್ದ ಚುಜಿರೊ ಹಯಾಶಿ ಟೋಕಿಯೋದಲ್ಲಿ ಚಿಕಿತ್ಸಾಲಯ ನಡೆಸಿದರು. ಅಲ್ಲಿ ಕಲಿತ ಹವಾಯಿಯ ಹವಾಯೊ ಟಕಾಟಾ ಅದನ್ನು ಜಪಾನಿನ ಹೊರಗೆ ತಂದರು. ಇವತ್ತು ಹೊರಗಿನ ಜಗತ್ತು ಕಲಿಯುವ ರೇಕಿ ಬಹುಪಾಲು ಟಕಾಟಾ ಅವರ ಕವಲಿನದೇ.

ಒಂದು ಸಲ ಕೂತರೆ 45ರಿಂದ 60 ನಿಮಿಷ ಹಿಡಿಯುತ್ತದೆ. ಬಟ್ಟೆ ತೆಗೆಯಬೇಕಿಲ್ಲ, ಎಣ್ಣೆ ಇಲ್ಲ, ಒತ್ತುವುದು ತಿಕ್ಕುವುದು ಇಲ್ಲ. ಬೆಲ್ಟು, ವಾಚು, ಕನ್ನಡಕ ತೆಗೆದು ಅಂಗಾತ ಮಲಗಿದರಾಯಿತು. ಮಾಡುವವರು ಎರಡೂ ಅಂಗೈಗಳನ್ನು ಮೊದಲು ಕಣ್ಣಿನ ಮೇಲೆ, ಆಮೇಲೆ ಕಪೋಲ, ತಲೆಯ ಹಿಂಭಾಗ, ಗಂಟಲು, ಎದೆಯ ಮೇಲ್ಭಾಗ, ಹೊಟ್ಟೆ, ಕಿಬ್ಬೊಟ್ಟೆ, ಮಗ್ಗುಲು ಬದಲಿಸಿ ಭುಜ, ಬೆನ್ನು, ಸೊಂಟ, ಕೊನೆಗೆ ಅಂಗಾಲು, ಹೀಗೆ ಒಂದೊಂದು ಕಡೆ 3ರಿಂದ 5 ನಿಮಿಷ ಇಡುತ್ತಾರೆ. ಗಂಟಲಿನ ಮೇಲೆ ಕೈ ತಾಗಿಸಬಾರದು, ಎರಡು ಮೂರು ಇಂಚು ಮೇಲೆ ಹಿಡಿದರೆ ಸಾಕು. ಗಂಟಲ ಮೇಲೆ ಬೇರೆಯವರ ಕೈ ಇದ್ದರೆ ಯಾರಿಗೂ ಮೈ ಸಡಿಲ ಬಿಡಲು ಆಗುವುದಿಲ್ಲ. ಎದೆ, ಕಿಬ್ಬೊಟ್ಟೆಗೂ ಅದೇ ನಿಯಮ. ಎಲ್ಲೆಲ್ಲಿ ಮುಟ್ಟುತ್ತೀರಿ ಎಂದು ಮೊದಲೇ ಕೇಳಿ, ಬೇಡವಾದ ಕಡೆ ಬೇಡ ಎನ್ನಿ. ಅದಕ್ಕೆ ಮುಖ ಸಣ್ಣ ಮಾಡುವವರ ಹತ್ತಿರ ಮಲಗಲೇಬೇಡಿ.

ಸಣ್ಣ ಸಣ್ಣ ತಪ್ಪುಗಳಿಂದಲೇ ಹೆಚ್ಚಿನ ಸಲ ವಿಶ್ರಾಂತಿ ಕೆಡುತ್ತದೆ. ಊಟವಾದ ಕೂಡಲೇ ಮಲಗಿದರೆ ಹುಳಿತೇಗು ಬರುತ್ತದೆ, ಎರಡು ತಾಸು ಬಿಡಿ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರಬಾರದು. ಸಕ್ಕರೆ ಇಳಿದು ಬೆವರಿ ನಡುಗಿದ್ದನ್ನು 'ಶಕ್ತಿ ಹರಿಯುತ್ತಿದೆ' ಎಂದು ಬಿಟ್ಟುಬಿಡುವ ಅಪಾಯ ಇದೆ. ಅಲ್ಲಾಡದೆ ಮಲಗಿದ ಮೈ ಬೇಗ ತಣ್ಣಗಾಗುತ್ತದೆ. ಕಾರವಾರದ ಸೆಖೆಗೆ ಫ್ಯಾನ್ ಬೇಕು ನಿಜ, ಆದರೂ ನೇರ ಕೆಳಗೆ ಮಲಗಬೇಡಿ, ಒಂದು ಹೊದಿಕೆ ಇರಲಿ. ಶಿರಸಿಯ ಮಳೆಗಾಲದಲ್ಲಂತೂ ಮಾಡುವವರು ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಬೇಕು. ದಿನವಿಡೀ ಕೂತು ಅಡಿಕೆ ಸುಲಿದ ಸೊಂಟಕ್ಕೆ ಅಂಗಾತ ಮಲಗುವುದೇ ಶಿಕ್ಷೆ. ಮಂಡಿಯ ಕೆಳಗೆ ದಿಂಬು ಕೊಟ್ಟರೆ ಸೊಂಟ ಹಗುರಾಗುತ್ತದೆ. ತುಂಬು ಬಸುರಿಯರನ್ನು ಎಡಮಗ್ಗುಲಿಗೆ ಮಲಗಿಸಬೇಕು. ಮುಗಿದ ಕೂಡಲೇ ಎದ್ದು ನಿಂತರೆ ತಲೆ ತಿರುಗಬಹುದು, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಮಗ್ಗುಲಾಗಿ ಎದ್ದು ಎರಡು ನಿಮಿಷ ಕೂತು ಆಮೇಲೆ ನಿಲ್ಲಿ.

ಕೈ ಇಟ್ಟ ಕಡೆ ಬಿಸಿ ಬಿಸಿ ಆಯಿತು ಎಂದು ಬಹಳ ಜನ ಹೇಳುತ್ತಾರೆ. ಆಗುವುದು ಹೌದು. ಅಂಗೈ ಮತ್ತು ಮೈಯ ನಡುವೆ ಶಾಖ ಹೊರಹೋಗದೆ ನಿಲ್ಲುತ್ತದೆ, ಮೈ ಸಡಿಲವಾದಂತೆ ಚರ್ಮದ ರಕ್ತನಾಳಗಳೂ ಹಿಗ್ಗುತ್ತವೆ. ನಿಮ್ಮದೇ ಅಂಗೈಯನ್ನು ಹೊಟ್ಟೆಯ ಮೇಲೆ ಐದು ನಿಮಿಷ ಇಟ್ಟು ನೋಡಿ, ಅದೇ ಬಿಸಿ ಬರುತ್ತದೆ. ಮಾಡುವವರ ಕೈಯಿಂದ ವಿಶೇಷ ಶಕ್ತಿಯೊಂದು ಹರಿಯುತ್ತದೆ ಎಂಬುದನ್ನು ಯಾವ ಉಪಕರಣವೂ ಅಳೆದು ತೋರಿಸಿಲ್ಲ. ಫೈಬ್ರೊಮಯಾಲ್ಜಿಯಾ, ಅಂದರೆ ಬಹುಕಾಲ ಮೈಯೆಲ್ಲ ನೋಯುವ ಕಾಯಿಲೆ ಇದ್ದ 100 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ರೇಕಿ ಮಾಸ್ಟರುಗಳು, ಕೆಲವರಿಗೆ ರೇಕಿ ಮಾಡುವಂತೆ ನಟಿಸುವವರು ವಾರಕ್ಕೆರಡು ಸಲದಂತೆ ಎಂಟು ವಾರ ಮಾಡಿದರು. ಯಾರು ಮಾಡಿದರೂ ನೋವು ಕಡಿಮೆಯಾಗಲಿಲ್ಲ. ಆತಂಕ, ಖಿನ್ನತೆಗೆ ಉಪಯೋಗವೇ ಎಂದು, ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2015ರಲ್ಲಿ, ಹೌದು ಅಥವಾ ಇಲ್ಲ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಹಾಗಾದರೆ ಹಿತ ಎಲ್ಲಿಂದ ಬಂತು? ಒಂದು ತಾಸು ಫೋನಿಲ್ಲದೆ ಮಲಗಿದ್ದರಿಂದ, ಉಸಿರು ನಿಧಾನವಾಗಿದ್ದರಿಂದ, ಒಬ್ಬರು ಪೂರ್ತಿ ಗಮನವನ್ನು ನಿಮಗೇ ಕೊಟ್ಟಿದ್ದರಿಂದ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಅಷ್ಟೇ ಸಿಕ್ಕಿದರೂ ದೊಡ್ಡದು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರ ಇರಬೇಕು. ದೊಡ್ಡ ಚಿಕಿತ್ಸೆ ಬೇಕೆಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಓಡುವವರು ನಾವು. ಶಿರಸಿಯಿಂದ ಹುಬ್ಬಳ್ಳಿಯೇ 100 ಕಿಲೋಮೀಟರ್ ಆಸುಪಾಸು. ದಾರಿಯೇ ಇಷ್ಟು ಹೊತ್ತು ತಿನ್ನುವಾಗ, ಹೊರಡುವ ಮೊದಲೇ ಹೊತ್ತು ಕಳೆದುಕೊಳ್ಳಬಾರದು. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಹಾವು ಕಚ್ಚಿದ್ದು, ಮೊಲೆಯಲ್ಲಿ ಗಂಟು, ಇವಕ್ಕೆ ಕೈ ಇಟ್ಟು ನೋಡೋಣ ಎನ್ನುವ ಮಾತೇ ಬೇಡ. ಸಿದ್ದಾಪುರ, ಶಿರಸಿ ಕಡೆ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರಬಹುದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಉಣುಗು ಕಚ್ಚಿದ್ದನ್ನೂ ಮರೆಯದೆ ಹೇಳಬೇಕು.

ಮಾತ್ರೆ ಬಿಡಿ ಎಂದವರ ಹತ್ತಿರ ಎರಡನೇ ಸಲ ಹೋಗಬೇಡಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಹಾಕುವುದನ್ನು ನಮ್ಮ ದೇಶದ 1954ರ ಕಾನೂನೇ ತಡೆಯುತ್ತದೆ. ಒಂದೇ ಸಲಕ್ಕೆ ಹತ್ತು ಸಿಟ್ಟಿಂಗಿನ ದುಡ್ಡು ಕೇಳಿದರೆ ಕೊಡಬೇಡಿ. ಒಂದು ಮಾಡಿಸಿ, ಹಿತವಾದರೆ ಇನ್ನೊಂದು.

ದುಡ್ಡು ಕೊಡದೆಯೂ ಆಗುತ್ತದೆ. ರೇಕಿಯ ಮೊದಲ ಹಂತದಲ್ಲಿ ಹೆಚ್ಚಾಗಿ ಕಲಿಸುವುದು ತನಗೆ ತಾನೇ ಮಾಡಿಕೊಳ್ಳುವುದನ್ನೇ. ರಾತ್ರಿಯ ಮಾತ್ರೆ ಇದ್ದರೆ ಮೊದಲು ಅದನ್ನು ನುಂಗಿ. ಹಾಸಿಗೆಯ ಮೇಲೆ ಕೂತು ಕೈ ಮುಗಿದು, ಇವತ್ತಿನ ಮಟ್ಟಿಗೆ ಸಿಟ್ಟು ಬೇಡ, ಚಿಂತೆ ಬೇಡ ಎಂದು ಹೇಳಿಕೊಳ್ಳಿ. ಇವು ಉಸುಯಿ ಅವರ ಐದು ಸೂತ್ರಗಳಲ್ಲಿ ಮೊದಲ ಎರಡು. ಆಮೇಲೆ ಮಲಗಿ ಕಣ್ಣು, ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಮೇಲೆ ಐದೈದು ನಿಮಿಷ ಅಂಗೈ ಇಡಿ. ಕಣ್ಣನ್ನು ಒತ್ತಬೇಡಿ, ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ. ಮೊಣಕೈ ಆಧಾರವಿಲ್ಲದೆ ಗಾಳಿಯಲ್ಲಿ ನಿಂತರೆ ಭುಜ ಸೋಲುತ್ತದೆ, ಎರಡೂ ಕಡೆ ದಿಂಬು ಇಟ್ಟುಕೊಳ್ಳಿ. ಅರ್ಧಕ್ಕೇ ನಿದ್ದೆ ಬಂದರೆ ಎದ್ದು ಮುಗಿಸಬೇಕಾಗಿಲ್ಲ.