ಬಣ್ಣ ಬಿಡುವ ಬಟ್ಟೆ

ಹೋಳಿ ಬಂತೆಂದರೆ ಬಾಗಲಕೋಟೆಯಲ್ಲಿ ಎಲ್ಲರೂ ಕಪಾಟಿನ ತಳದಿಂದ ಹಳೆಯ ಬಟ್ಟೆ ಹುಡುಕಿ ತೆಗೆಯುತ್ತಾರೆ. ನಾನು ಒಂದು ಜೀನ್ಸ್ ಪ್ಯಾಂಟನ್ನು ಉಳಿಸಿಕೊಳ್ಳಲು ಊರು ಬಿಟ್ಟೆ.

ಇಲ್ಲಿಯ ಹೋಳಿ ಒಂದು ದಿನಕ್ಕೆ ಮುಗಿಯುವ ಆಟವಲ್ಲ. ಹಲಗೆಯ ಸದ್ದು ಮೊದಲೇ ಶುರುವಾಗುತ್ತದೆ. ಬ್ಯಾರಲ್ ಹೊತ್ತ ಬಣ್ಣದ ಬಂಡಿಗಳು ಓಣಿಗಿಳಿದ ಮೇಲೆ ಪರಿಚಯದವರು, ಪರಿಚಯವಿಲ್ಲದವರು ಎಂಬ ಭೇದ ಉಳಿಯುವುದಿಲ್ಲ. ನನಗೂ ಹೋಳಿ ಇಷ್ಟವೇ. ಆದರೆ ದಸರೆಯಿಂದ ಒಂದು ಹನಿ ನೀರು ಸೋಕಿಸದೆ ತೊಟ್ಟ ಪ್ಯಾಂಟಿನ ಮೇಲೆ ಯಾರೋ ಒಂದು ಬಕೆಟ್ ಗುಲಾಬಿ ಬಣ್ಣ ಸುರಿಯುವುದನ್ನು ನೆನೆಸಿಕೊಂಡರೆ ನಿದ್ದೆ ಬರುತ್ತಿರಲಿಲ್ಲ. ಹುಣ್ಣಿಮೆಯ ದಿನ ಬೆಳಗಿನ ಬಸ್ಸು ಹಿಡಿದು, ಅಮೀನಗಡದಲ್ಲಿ ಅವ್ವನಿಗೆ ಕರದಂಟು ಕಟ್ಟಿಸಿಕೊಂಡು, ಇಳಕಲ್ಲಿನ ಮನೆ ಸೇರಿದೆ. ಇಳಕಲ್ಲಿನಲ್ಲಿಯೂ ಬಣ್ಣ ಆಡುತ್ತಾರೆ. ಆದರೆ ಮಗ್ಗದ ಮೇಲೆ ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆಗಳು, ಕೂತಿರುವಾಗ ಬಣ್ಣದವರನ್ನು ನಮ್ಮ ಹೊಸ್ತಿಲು ದಾಟಲು ಅಪ್ಪ ಬಿಡುವುದಿಲ್ಲ.

ಪ್ಯಾಂಟಿನ ವಿಷಯ ಹೇಳಬೇಕು. ಅಂಗಡಿಯಲ್ಲಿ ಸಿಗುವ ಜೀನ್ಸ್‌ಗಳನ್ನು ಹೊಲಿದಾದ ಮೇಲೆ ಕಾರ್ಖಾನೆಯಲ್ಲಿಯೇ ತೊಳೆದು, ಪ್ಯೂಮಿಸ್ ಕಲ್ಲಿನ ಜೊತೆ ಯಂತ್ರದಲ್ಲಿ ತಿರುವಿ, ಈಚೆಗೆ ಲೇಸರ್ ಹಿಡಿದು ಸುಟ್ಟು, ಹಳತು ಮಾಡಿಯೇ ಕಳಿಸುತ್ತಾರೆ. ಇನ್ನೊಬ್ಬರು ಮೊಣಕಾಲು ಸವೆಸಿದ ಹಾಗೆ ಕಾಣುವ ಪ್ಯಾಂಟನ್ನು ನಾವು ಹೊಸದೆಂದು ಕೊಳ್ಳುತ್ತೇವೆ. ನನ್ನದು ಕಚ್ಚಾ ಡೆನಿಮ್, ಅಂದರೆ ತೊಳೆಯದ ಜೀನ್ಸ್ ಬಟ್ಟೆ. ಅದಕ್ಕೆ ಈ ಶೃಂಗಾರ ಯಾವುದೂ ಇಲ್ಲ. ನೇಯ್ದ ಬಟ್ಟೆ, ಹಾಸಿನ ಗಂಜಿಯೂ ಹೋಗದಂತೆ, ಹೊಲಿಗೆಗೆ ಬಂದಿರುತ್ತದೆ. ಹಳತು ಮಾಡುವ ಕೆಲಸ ತೊಡುವವನದು. ಬೇಗ ತೊಳೆದರೆ ಗಂಜಿಯೂ ಸಡಿಲವಾದ ನೀಲಿಯೂ ಎಲ್ಲ ಕಡೆ ಒಂದೇ ಸಮ ಇಳಿದು ಬಟ್ಟೆ ಸಪ್ಪೆಯಾಗುತ್ತದೆ. ತೊಳೆಯದೆ ತೊಟ್ಟರೆ ಮಡಿಕೆ ಬಿದ್ದ ಕಡೆಯೇ ಮತ್ತೆ ಮತ್ತೆ ಬೀಳುತ್ತದೆ, ಅಲ್ಲಷ್ಟೇ ಬಣ್ಣ ಸವೆಯುತ್ತದೆ, ಉಳಿದೆಡೆ ಗಾಢವಾಗಿಯೇ ನಿಲ್ಲುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ನನ್ನದು ಚದರ ಗಜಕ್ಕೆ 14 ಔನ್ಸ್ ತೂಕದ ಬಟ್ಟೆ, ಅಂದರೆ ಸುಮಾರು 400 ಗ್ರಾಂ. ಮೊದಲ ವಾರ ಗೋಡೆಗೆ ಆನಿಸಿ ನಿಲ್ಲಿಸಿದರೆ ನಿಲ್ಲುತ್ತಿತ್ತು. (ಬೆಲೆ ಕೇಳಬೇಡಿ. ಮನೆಯಲ್ಲಿ ಹೇಳಿದ್ದು ಅದರ ಅರ್ಧ.)

ನನ್ನ ಉದ್ಯೋಗ ಹೊಲಗಳಲ್ಲಿ ಸೌರ ಪಂಪ್‌ಸೆಟ್ ಕೂಡಿಸುವುದು. ಬಾಗಲಕೋಟೆಯ ನವನಗರದಿಂದ ಬೈಕಿನಲ್ಲಿ ಹೊರಟು ಎರೆ ಹೊಲದಲ್ಲಿ ಮೊಣಕಾಲೂರಿ ಬೋಲ್ಟ್ ಬಿಗಿಯುವವನಿಗೆ ಇಂಥ ಪ್ಯಾಂಟು ಹೇಳಿ ಮಾಡಿಸಿದ್ದು. ಅದು ಹುಟ್ಟಿದ್ದೇ ದುಡಿಯುವವರಿಗಾಗಿ. ಕೂಲಿಕಾರರ ಪ್ಯಾಂಟಿನ ಜೇಬು ಕಿತ್ತುಬರದಂತೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಜೇಕಬ್ ಡೇವಿಸ್ ಎಂಬ ದರ್ಜಿಯದು. ಅವನು ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್‌ನ ಜೊತೆಗೂಡಿ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1873ರ ಮೇ 20ರಂದು. ಚಳಿಗಾಲ ಕಳೆಯುವ ಹೊತ್ತಿಗೆ ನನ್ನ ಪ್ಯಾಂಟಿನ ಮೇಲೆಯೂ ಕಸುಬು ಕಾಣಿಸತೊಡಗಿತು. ತೊಡೆಯ ಸಂದಿನಿಂದ ಹೊರಗೆ ಚಾಚಿದ ಬಿಳಿ ಗೆರೆಗಳು. ಇವಕ್ಕೆ ಆಸಕ್ತರು ಬೆಕ್ಕಿನ ಮೀಸೆ ಎನ್ನುತ್ತಾರೆ. ಮೊಣಕಾಲಿನ ಹಿಂದೆ ಜೇನುಗೂಡು. ಬಲ ಜೇಬಿನಲ್ಲಿ ಮೊಬೈಲಿನ ಚೌಕ, ಅದರ ಒಂದು ಮೂಲೆ ಉಳಿದ ಮೂರಕ್ಕಿಂತ ಬೆಳ್ಳಗೆ. ಮೊಬೈಲನ್ನು ನಾನು ಯಾವಾಗಲೂ ತಲೆಕೆಳಗು ಇಡುತ್ತೇನೆಂದು ನನಗೇ ಗೊತ್ತಾದದ್ದು ಆಗ.

ವಾಸನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಳಿಗಾಲದಲ್ಲಿ ರಾತ್ರಿ ಹೊರಗೆ ತೂಗುಹಾಕಿದರೆ ಸಾಕಾಗುತ್ತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಸಾಕಾಗಲಿಲ್ಲ. ಅವ್ವನ ಪಾಲಿಗಂತೂ ಅದು ಪ್ಯಾಂಟೇ ಅಲ್ಲ, ಮೈಲಿಗೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅಡುಗೆ ಮನೆಯ ಬಾಗಿಲಲ್ಲಿಯೇ ತಡೆಯುತ್ತಿದ್ದಳು. ಒಮ್ಮೆ ಅವಳಿಗೆ ಕೆನಡಾದ ಕಥೆ ಹೇಳಿದೆ. ಅಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ 15 ತಿಂಗಳು ಒಂದೇ ಜೀನ್ಸನ್ನು ತೊಳೆಯದೆ ತೊಟ್ಟ. 2011ರಲ್ಲಿ ಅದು ಸುದ್ದಿಯಾಯಿತು. ಜವಳಿ ವಿಷಯದ ಪ್ರಾಧ್ಯಾಪಕಿ ಪರೀಕ್ಷೆ ಮಾಡಿದಾಗ, ಅದೇ ಜೀನ್ಸನ್ನು ತೊಳೆದು 13 ದಿನ ತೊಟ್ಟ ಮೇಲೆ ಸಿಕ್ಕಷ್ಟೇ ಬ್ಯಾಕ್ಟೀರಿಯಾ 15 ತಿಂಗಳ ಕೊನೆಯಲ್ಲಿಯೂ ಸಿಕ್ಕಿತ್ತು. ಅವ್ವ ಪೂರ್ತಿ ಕೇಳಿಸಿಕೊಂಡು, "ಅವನಿಗೆ ಅವ್ವ ಇರಲಿಲ್ಲವೇನು?" ಎಂದಳು. ವಾಸನೆ ತಡೆಯಲು ಆ ಹುಡುಗ ಪ್ಯಾಂಟನ್ನು ಫ್ರೀಜರಿನಲ್ಲಿ ಇಡುತ್ತಿದ್ದ ಭಾಗವನ್ನು ನಾನು ಹೇಳಲಿಲ್ಲ. ತಣ್ಣಗಾದರೆ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ, ನಮ್ಮ ಫ್ರಿಜ್ಜಿನಲ್ಲಿ ಜಾಗವೂ ಇಲ್ಲ.

ಅಪ್ಪ ಇಷ್ಟು ದಿನ ಬಾಯಿ ಹಾಕಿರಲಿಲ್ಲ. ಹುಣ್ಣಿಮೆಯ ಆ ದಿನ ಮಗ್ಗಕ್ಕೆ ರಜೆ. ಹೋಳಿಗೆ ಉಂಡು ಪಡಸಾಲೆಯಲ್ಲಿ ಅಡ್ಡಾಗಿದ್ದ. ನಾನು ಲುಂಗಿ ಸುತ್ತಿಕೊಂಡು ಪ್ಯಾಂಟನ್ನು ಗೂಟಕ್ಕೆ ಹಾಕುವಾಗ ಅದರ ಕಾಲಿನ ಮಡಿಕೆ ಬಿಚ್ಚಿತು. ಅಪ್ಪ ಎದ್ದು ಕೂತು, "ಇಲ್ಲಿ ತಾ ತಮ್ಮಾ" ಎಂದ.

ಅವನ ಕಣ್ಣಿಗೆ ಬಿದ್ದದ್ದು ಬಣ್ಣವಲ್ಲ, ಅಂಚು. ಹೊರ ಹೊಲಿಗೆಯ ಒಳಮೈಯಲ್ಲಿ ಬಟ್ಟೆಯ ಅಂಚು ಹಾಗೆಯೇ ಕಾಣುತ್ತದೆ: ಬೆಳ್ಳನೆಯ ಪಟ್ಟಿ, ನಡುವೆ ಒಂದೇ ಒಂದು ಕೆಂಪು ಎಳೆ. ಅಪ್ಪ ಅದನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ, ಅಡ್ಡ ಹಾಯುವ ಹೊಕ್ಕಿನ ಎಳೆ ತುದಿಯಲ್ಲಿ ಹೊರಳಿ ಮತ್ತೆ ಒಳಗೆ ಹೋಗುವುದನ್ನು ಉಗುರಿನಿಂದ ಮೀಟಿ ನೋಡಿದ. "ಇದು ಲಾಳಿಯ ಮಾಲು" ಎಂದ. ಈಗಿನ ವೇಗದ ಮಗ್ಗಗಳಲ್ಲಿ ಹೊಕ್ಕಿನ ನೂಲು ಹೊತ್ತು ಓಡಾಡುವ ಲಾಳಿ ಇಲ್ಲ. ಹೊಕ್ಕನ್ನು ಗಾಳಿಯೋ ಕಡ್ಡಿಯೋ ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ಯುತ್ತದೆ, ಪ್ರತಿ ಸಲವೂ ಎಳೆ ತುಂಡಾಗುತ್ತದೆ, ಅಂಚಿನಲ್ಲಿ ಜೂಲು ಉಳಿಯುತ್ತದೆ. ಲಾಳಿ ಹೋಗಿ ಬಂದು ಮಾಡಿದರೆ ಮಾತ್ರ ಅಂಚು ತಾನೇ ಮುಚ್ಚಿಕೊಳ್ಳುತ್ತದೆ. ಅಂಥ ಹಳೆಯ ಮಗ್ಗದ ಪನ್ನ, ಅಂದರೆ ಬಟ್ಟೆಯ ಅಗಲ, ಸಣ್ಣದು, 30 ಇಂಚಿನ ಆಸುಪಾಸು. ಒಂದು ಪ್ಯಾಂಟಿಗೆ ಹೆಚ್ಚು ಉದ್ದದ ಬಟ್ಟೆ ಬೇಕು, ನೇಯುವುದೂ ನಿಧಾನ. ಅದಕ್ಕೇ ಆ ಬೆಲೆ. ಇದನ್ನೆಲ್ಲ ನಾನು ಮೊಬೈಲಿನಲ್ಲಿ ರಾತ್ರಿಗಟ್ಟಲೆ ಓದಿ ತಿಳಿದಿದ್ದೆ. ಅಪ್ಪ ಬೆರಳಿನಲ್ಲಿ ಓದಿದ. ಪವರ್‌ಲೂಮಿನ ಸೀರೆ ಬಂದು ಕೈಮಗ್ಗದ ಅರ್ಧ ಬೀದಿ ಖಾಲಿಯಾದದ್ದನ್ನು ನೋಡಿದವನು ಅವನು. ಲಾಳಿ ಮಗ್ಗದ ಬಟ್ಟೆಗೆ ಜಗತ್ತಿನ ಎಲ್ಲೋ ಒಂದು ಕಡೆ ಹೆಚ್ಚು ಬೆಲೆ ಕೊಡುತ್ತಾರೆಂದು ಕೇಳಿ ಅವನ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಕಂಡಿತು.

ಆಮೇಲೆ ಬಣ್ಣಕ್ಕೆ ಬಂದ. ಕಂಡಿಕೆಯಿಂದ ಒಂದು ಬಿಳಿ ನೂಲು ಹರಿದು, ಬಾಯಲ್ಲಿ ಒದ್ದೆ ಮಾಡಿ, ತೊಡೆಯ ಭಾಗದ ಮೇಲೆ ನಾಲ್ಕು ಸಲ ಉಜ್ಜಿದ. ನೂಲು ನೀಲಿಯಾಯಿತು. ಅದನ್ನು ನನ್ನ ಮುಖದ ಮುಂದೆ ಹಿಡಿದ.

"ಈ ಮಾಲನ್ನು ನಾನು ಕೊಟ್ಟಿದ್ದರೆ ಮಾಲೀಕರು ಮಜೂರಿಯಲ್ಲಿ ಹಿಡಿಯುತ್ತಿದ್ದರು."

ಇದು ಇಳಕಲ್ಲಿನವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಸೀರೆಯ ಸೆರಗಿನಲ್ಲಿ ಕೆಂಪು ಮತ್ತು ಬಿಳಿ ಮೈಗೆ ಮೈ ಹತ್ತಿಕೊಂಡು ಕೂತಿರುತ್ತವೆ. ಸೆರಗಿನ ತೆನೆ ವಿನ್ಯಾಸದಲ್ಲಿ ಬಿಳಿ ಬಿಳಿಯಾಗಿಯೇ ಇರಬೇಕು. ಮೊದಲ ಒಗೆತಕ್ಕೆ ಕೆಂಪು ಇಳಿದು ಬಿಳಿಗೆ ಹತ್ತಿತೆಂದರೆ ಅಷ್ಟು ದಿನದ ನೇಯ್ಗೆ, ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿದ ಅವ್ವನ ಕಣ್ಣಿನ ದುಡಿತ, ಎಲ್ಲ ಹೋದಂತೆ. ಬಣ್ಣ ಬಿಡುವ ಬಟ್ಟೆ ಎಂದರೆ ನಮ್ಮಲ್ಲಿ ಬೈಗುಳ. ನಾನು ಆ ಗುಣಕ್ಕೇ ಹಣ ಕೊಟ್ಟು ಬಂದಿದ್ದೆ.

"ಯಾಕೆ ಬಿಡುತ್ತದೆ ನೋಡು" ಎಂದು ಅಪ್ಪ ಕಾಲಿನ ತುದಿಯಿಂದ ಒಂದು ಎಳೆ ಎಳೆದ. ಎಡಗೈಯ ಎರಡು ಬೆರಳಲ್ಲಿ ಹಿಡಿದು ಬಲಗೈಯಿಂದ ಉಲ್ಟಾ ಹೊಸೆದ. ಹುರಿ ಬಿಚ್ಚಿಕೊಂಡಿತು. ಮೇಲ್ಮೈ ಕಡು ನೀಲಿ, ಒಳಗಿನ ತಿರುಳು ಹೊಸ ಹತ್ತಿಯಷ್ಟು ಬೆಳ್ಳಗೆ. ಬಣ್ಣ ನೂಲಿನ ಒಳಕ್ಕೆ ಹೋಗಿಯೇ ಇರಲಿಲ್ಲ. ಕಾರಣ ನೀಲಿಯ, ಅಂದರೆ ಇಂಡಿಗೋ ಬಣ್ಣದ, ಜಾಯಮಾನ. ಅದು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಅದರ ರಾಸಾಯನಿಕ ರೂಪ ಬದಲಿಸಿ ಕರಗಿಸಿಕೊಳ್ಳಬೇಕು. ಅದರಲ್ಲಿ ಅದ್ದಿದ ನೂಲು ಹೊರಬರುವಾಗ ಹಳದಿ ಹಸಿರು. ಗಾಳಿ ತಾಗಿದ ಮೇಲೆ ನೋಡನೋಡುತ್ತ ನೀಲಿಯಾಗುತ್ತದೆ. ಡೆನಿಮ್‌ನ ಹಾಸನ್ನು ಹಗ್ಗದಂತೆ ಕೂಡಿಸಿ ಅದ್ದುವುದು, ಗಾಳಿಗೆ ಬಿಡುವುದು, ಮತ್ತೆ ಅದ್ದುವುದು. ಪದರದ ಮೇಲೆ ಪದರ, ಆದರೆ ಎಲ್ಲವೂ ಹೊರಗೇ. ಹೊಕ್ಕಿಗಂತೂ ಬಣ್ಣವೇ ಇಲ್ಲ. ಮೂರು ಹಾಸು ಮೇಲೆ, ಒಂದು ಕೆಳಗೆ ಎಂಬ ಓರೆ ನೇಯ್ಗೆಯಾದ್ದರಿಂದ ಹೊರಮೈ ನೀಲಿ, ಒಳಮೈ ಮಾಸಲು ಬಿಳಿ. ತೊಟ್ಟು ಉಜ್ಜಿದಂತೆಲ್ಲ ಹೊರಪದರ ಹೋಗಿ ತಿರುಳು ಕಾಣುತ್ತದೆ. ಮೀಸೆಯೂ ಜೇನುಗೂಡೂ ಅಷ್ಟೇ.

ಅಪ್ಪ ನೀಲಿಯ ಗಡಿಗೆಯ ವಾಸನೆಯ ಬಗ್ಗೆ ತನ್ನ ಹಿರಿಯರಿಂದ ಕೇಳಿದ್ದನಂತೆ. "ಇದು ಗಿಡದ ನೀಲಿಯೇನು?" ಎಂದು ಕೇಳಿದ. ಅಲ್ಲ, ಕಾರ್ಖಾನೆಯದು ಎಂದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ನಮ್ಮ ದೇಶದ ಗಿಡದ ನೀಲಿ ನೆಲಕಚ್ಚಿತು. ಬಲವಂತವಾಗಿ ನೀಲಿ ಬೆಳೆಯಬೇಕಾಗಿದ್ದ ಚಂಪಾರಣ್‌ನ ರೈತರ ಪರವಾಗಿ ಗಾಂಧೀಜಿ 1917ರಲ್ಲಿ ಬಿಹಾರಕ್ಕೆ ಹೋದದ್ದು ಶಾಲೆಯಲ್ಲಿ ಓದಿದ ಪಾಠ. ಈ ಪ್ಯಾಂಟಿಗೂ ಆ ಪಾಠಕ್ಕೂ ನಂಟಿದೆಯೆಂದು ಹೇಳಹೊರಟವನನ್ನು ಅಪ್ಪ ಅರ್ಧಕ್ಕೇ ತಡೆದ. ಅವನ ಬೆರಳು ಕವಟೆಯ ಬಳಿ, ಎರಡೂ ಕಾಲು ಕೂಡುವ ಜಾಗದಲ್ಲಿ, ನಿಂತಿತ್ತು. ಅಲ್ಲಿ ಬಟ್ಟೆ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಹೊಕ್ಕು ಕಾಣುತ್ತಿತ್ತು.

"ಇದು ಬಣ್ಣ ಹೋದದ್ದಲ್ಲ, ನೂಲು ಹೋದದ್ದು. ಮಣ್ಣು, ಬೆವರು ಎರಡೂ ಒಳಗೆ ಕೂತಿವೆ. ಮಣ್ಣಿನ ಕಣ ನೂಲನ್ನು ಕೊಯ್ಯುತ್ತದೆ. ಇನ್ನೊಂದು ತಿಂಗಳು ಹೀಗೆಯೇ ತೊಟ್ಟರೆ ಬೈಕ್ ಹತ್ತುವಾಗ ಹರಿಯುತ್ತದೆ."

ಕೆನಡಾದ ಪರೀಕ್ಷೆ ಬ್ಯಾಕ್ಟೀರಿಯಾ ಎಣಿಸಿತ್ತು, ಎರೆ ಮಣ್ಣನ್ನಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ತೊಳೆಯುವುದೆಂದು ತೀರ್ಮಾನವಾಯಿತು.

ಅವ್ವ ಒಗೆಯುವ ಕಲ್ಲಿನತ್ತ ನಡೆದಾಗಿತ್ತು, ಕೈಯಲ್ಲಿ ಬ್ರಷ್ಷೂ ಇತ್ತು. ಅಪ್ಪ ಎರಡನ್ನೂ ಬೇಡವೆಂದ. ಟೇಪು ತಂದು ಸೊಂಟ, ಒಳಕಾಲಿನ ಉದ್ದ ಅಳೆದು ಗೋಡೆಯ ಕ್ಯಾಲೆಂಡರಿನ ಅಂಚಿಗೆ ಬರೆದಿಟ್ಟ. ಬಟ್ಟೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸುವ ಸ್ಯಾನ್ಫರೈಸಿಂಗ್ ಇದಕ್ಕೆ ಆಗಿದೆ, ಹೆಚ್ಚು ಕುಗ್ಗುವುದಿಲ್ಲ ಎಂದು ನಾನು ಹೇಳಿದೆ. ಅದು ಆಗದ ಡೆನಿಮ್ ಮೊದಲ ನೀರಿಗೆ ನೂರಕ್ಕೆ ಹತ್ತರವರೆಗೂ ಕುಗ್ಗಬಹುದು. "ನೋಡೋಣ" ಎಂದ. ಪ್ಯಾಂಟನ್ನು ಒಳಮೈ ಹೊರಗೆ ತಿರುವಿ, ದೊಡ್ಡ ಬುಟ್ಟಿಯಲ್ಲಿ ತಣ್ಣೀರು, ಚಿಟಿಕೆ ಸೋಪಿನ ಪುಡಿ. ಅವ್ವ ಅಭ್ಯಾಸ ಬಲದಿಂದ ಒಂದು ಹಿಡಿ ಉಪ್ಪು ತಂದಳು, ಹೊಸ ಕೆಂಪು ಸೀರೆಗೆ ಹಾಕುವ ಹಾಗೆ. ಉಪ್ಪಿಗೆ ನೀಲಿ ಬಗ್ಗುವುದಿಲ್ಲ ಎಂದು ಅಪ್ಪ ಅದನ್ನೂ ಹಿಂದೆ ಕಳಿಸಿದ.

ಅರ್ಧ ಗಂಟೆಯ ಮೇಲೆ ನೀರು ನೋಡಿದೆವು. ಮೇಲೆ ನೀಲಿ, ಕೆಳಗೆ ಕೆಸರು. ಕೈಯಾಡಿಸಿದಾಗ ಎರಡೂ ಬೆರೆತು ಹೆಸರಿಲ್ಲದ ಒಂದು ಬಣ್ಣವಾಯಿತು. ಹುಣ್ಣಿಮೆಯ ದಿನ ನಮ್ಮ ಮನೆಯೊಳಗೆ ಆದ ಬಣ್ಣದಾಟ ಅದೊಂದೇ. ಎರಡನೆಯ ನೀರು ತಿಳಿಯಾಗಿತ್ತು, ಬರೀ ನೀಲಿ. ಅದನ್ನು ಚೆಲ್ಲಹೊರಟ ನನ್ನನ್ನು ಅವ್ವ ತಡೆದು, "ಇರಲಿ ಬಿಡು, ನಿಮ್ಮಪ್ಪನ ಧೋತರಕ್ಕೆ ನೀಲಿ ಹಾಕುವುದು ಉಳಿಯಿತು" ಎಂದಳು. ಅದು ತಮಾಷೆಯೆಂದು ತಿಳಿಯುವಷ್ಟರಲ್ಲಿ ಅಪ್ಪ ಓಡಿ ಹೋಗಿ ಧೋತರವನ್ನು ಹಗ್ಗದಿಂದ ತೆಗೆದುಕೊಂಡಿದ್ದ.

ಹಿಂಡದೆ, ನೆರಳಿನಲ್ಲಿ, ಕಾಲು ಮೇಲೆ ಮಾಡಿ ತೂಗುಹಾಕಿದೆವು. ಮಾರನೆಯ ದಿನ ಮಧ್ಯಾಹ್ನ ಒಣಗಿದಾಗ ಗೆರೆಗಳು ನಾನು ಎಣಿಸಿದ್ದಕ್ಕಿಂತ ಚೊಕ್ಕಟವಾಗಿ ಎದ್ದಿದ್ದವು. ಕೊಳೆ ಹೋದ ಮೇಲೆಯೇ ಬಿಳಿ ನಿಜವಾಗಿ ಬಿಳಿಯಾಗಿತ್ತು, ನೀಲಿಗೆ ಹೊಳಪು ಬಂದಿತ್ತು. ಇಷ್ಟು ದಿನ ಕನ್ನಡಿಯಲ್ಲಿ ನೋಡಿ ಹಿಗ್ಗಿದ್ದರಲ್ಲಿ ಅರ್ಧ ಬರೀ ಧೂಳು. ಟೇಪಿನಲ್ಲಿ ಸೊಂಟ ಅರ್ಧ ಇಂಚು ಒಳಗೆ ಬಂದಿತ್ತು, ಉದ್ದ ಇನ್ನೂ ತುಸು ಹೆಚ್ಚು. ಅಪ್ಪ ಕ್ಯಾಲೆಂಡರಿನ ಅಂಚಿನಲ್ಲಿ ಹಳೆಯ ಅಂಕಿಯ ಪಕ್ಕ ಹೊಸದನ್ನೂ ಬರೆದ. ಕವಟೆಯ ತೆಳುವಾದ ಜಾಗಕ್ಕೆ ಒಳಗಿನಿಂದ ರಫೂ ಮಾಡಿಕೊಟ್ಟ. ನೀಲಿ ನೂಲು ಸಿಗಲಿಲ್ಲ. ಸೀರೆಯ ದಡಿಯಿಂದ ಉಳಿದಿದ್ದ ಕೆಂಪನ್ನೇ ಬಳಸಿದ. ಇದು ಬಣ್ಣ ಬಿಡುವುದಿಲ್ಲ ಎಂದು ಎರಡು ಸಲ ಹೇಳಿದ.

ಹೊರಡುವಾಗ ಅವ್ವ ಅಮಾವಾಸ್ಯೆಗೊಮ್ಮೆ ತೊಳೆಯಬೇಕೆಂದು ಪಟ್ಟು ಹಿಡಿದಳು. ನಾನು ವರ್ಷಕ್ಕೆರಡು ಸಲ ಎಂದೆ. ಚೌಕಾಸಿ ನಡೆದು ಹಬ್ಬಕ್ಕೊಮ್ಮೆ ಎಂಬಲ್ಲಿಗೆ ಬಂದು ನಿಂತಿತು. ಗೆದ್ದೆನೆಂದು ಬಸ್ ಹತ್ತಿ, ಅಮೀನಗಡ ದಾಟಿದ ಮೇಲೆ ಲೆಕ್ಕ ಹಾಕಿದೆ: ಯುಗಾದಿಗೆ ಇನ್ನು ಎರಡೇ ವಾರ.